ಮೀಟರಕ್ಕ ಮತ್ತು ಏರುದಾರಿಯ ಕೆಂಪು ದೀಪ

ಆ ರಸ್ತೆಯಲ್ಲಿ ಮೀಟರಕ್ಕ ಎಂದರೆ ಸಾಕು, ಬೇರೆ ಗುರುತು ಬೇಕಿರಲಿಲ್ಲ. ಕುತ್ತಿಗೆಯಲ್ಲಿ ಕನ್ನಡಕದ ದಾರ, ಅದರ ಜೊತೆಗೇ ಇನ್ನೊಂದು ದಾರದಲ್ಲಿ ನೇತಾಡುವ ಹಳದಿ ಮಲ್ಟಿಮೀಟರು. ಅಡುಗೆಮನೆಗೆ ಹೋದರೂ ಅದನ್ನು ತೆಗೆಯುವುದಿಲ್ಲ, ಮಲಗುವಾಗ ಮಾತ್ರ ತೆಗೆದು ದಿಂಬಿನ ಪಕ್ಕ ಇಡುತ್ತಾಳೆ ಎಂದು ಎದುರಿನ ಬೇಕರಿಯವನು ತಮಾಷೆ ಮಾಡುತ್ತಿದ್ದ. ಅವಳೇನು ಸುಮ್ಮನಿರುವವಳಲ್ಲ. "ನಿನ್ನ ತಲೆಗೆ ಹಚ್ಚಿ ನೋಡ್ಲಾ? ಒಳಗೆ ಕರೆಂಟ್ ಇದೆಯೋ ಇಲ್ವೋ ಗೊತ್ತಾಗಿಬಿಡುತ್ತೆ" ಅನ್ನುತ್ತಿದ್ದಳು.

ಅವಳ ಅಪ್ಪ ರೇಡಿಯೋ ರಿಪೇರಿಯವನು. ಬೇರೆ ಹೆಣ್ಣುಮಕ್ಕಳು ಗೊಂಬೆಗೆ ಬಟ್ಟೆ ಹೊಲಿಯುವ ವಯಸ್ಸಿನಲ್ಲಿ ಇವಳು ಅಪ್ಪನ ಮೇಜಿನ ತುದಿಯಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತಳು. ಮದುವೆಯಾದದ್ದು ಎಂಜಿನ್ ಮೆಕ್ಯಾನಿಕ್‌ನನ್ನು. ಇಬ್ಬರೂ ಸೇರಿ ಒಂದು ತಗಡಿನ ಶೆಡ್ ಹಾಕಿಕೊಂಡರು. ಕಬ್ಬಿಣ ಅವನದು, ತಾಮ್ರ ಅವಳದು. ಅವನು ಎಂಜಿನ್ ಬಿಚ್ಚಿದರೆ ಇವಳು ವೈರಿಂಗ್ ಬಿಚ್ಚುತ್ತಿದ್ದಳು. ಜಗಳವಾಡಿದ ದಿನವೂ ಒಂದೇ ಬಾನೆಟ್ಟಿನ ಕೆಳಗೆ ತಲೆ ಹಾಕಿ ಕೆಲಸ ಮಾಡಲೇಬೇಕಿದ್ದರಿಂದ ಅವರ ಜಗಳ ಸಂಜೆಯವರೆಗೆ ಉಳಿದದ್ದು ಕಡಿಮೆ.

ಆ ದಿನಗಳಿಗೆ ಒಂದು ವ್ಯಾನು ಕೊನೆ ಹಾಡಿತು. ಅದರ ಶಾಖ ತೋರಿಸುವ ಮುಳ್ಳು ತಣ್ಣಗಿದೆ ಎಂದು ಹೇಳುತ್ತಿತ್ತು. ಮುಳ್ಳಿಗೆ ಹೋಗುವ ವೈರು ತುಂಡಾಗಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮೀಟರಕ್ಕ ಸಾಮಾನು ತರಲು ಹೊರಗೆ ಹೋಗಿದ್ದಳು. ಗಂಡ ಮುಳ್ಳನ್ನು ನಂಬಿ ರೇಡಿಯೇಟರ್ ಮುಚ್ಚಳ ತಿರುಗಿಸಿದ. ಕುದಿಯುವ ನೀರು ಬಲಗೈ, ಭುಜ, ಕುತ್ತಿಗೆ ಮೂರನ್ನೂ ತಿಂದುಹಾಕಿತು. ತಿಂಗಳುಗಟ್ಟಲೆ ಆಸ್ಪತ್ರೆ, ಮುಲಾಮು, ನಿದ್ದೆಯಿಲ್ಲದ ರಾತ್ರಿಗಳು. ಚರ್ಮ ಹೇಗೋ ಕೂಡಿಕೊಂಡಿತು, ಆದರೆ ಅವನು ಬಿಸಿ ಎಂಜಿನ್ನಿನ ಹತ್ತಿರ ಮತ್ತೆ ಹೋಗಲಿಲ್ಲ. ಬಂದ ಗಾಡಿ ತಣ್ಣಗಾದ ಮೇಲೆಯೇ ಮುಟ್ಟುತ್ತಿದ್ದ. ಎಂಜಿನ್ ಚಾಲೂ ಮಾಡಿ ನೋಡುವ ಹೊತ್ತಿಗೆ ಅವನಿಗೆ ಹಿಂದಿನ ಕೋಣೆಯಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಯಾಕೆ ಎಂದು ಮೀಟರಕ್ಕ ಒಮ್ಮೆಯೂ ಕೇಳಲಿಲ್ಲ. ಬಾನೆಟ್ಟಿನ ಕೆಳಗೆ ಒಬ್ಬಳೇ ತಲೆ ಹಾಕುವುದನ್ನು ರೂಢಿ ಮಾಡಿಕೊಂಡಳು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಅಕ್ಕನ ಗಂಡ ತನ್ನ ಬಾಡಿಗೆ ಕಾರನ್ನು ಶೆಡ್ಡಿನ ಬಾಗಿಲಿಗೆ ತಂದು ನಿಲ್ಲಿಸಿದ. ಭಾವ ಎಂದರೆ ಮಾತಿನ ಮಲ್ಲ. ಸುಮ್ಮನಿರುವುದು ನಿದ್ದೆಯಲ್ಲಿ ಮಾತ್ರ, ಅದೂ ಗೊರಕೆ ಹೊಡೆಯುತ್ತಾ. ಆ ದಿನ ಮಾತ್ರ ಅವನ ಮುಖ ಬಾಡಿತ್ತು. ಹಿಂದಿನ ಸೀಟಿನಲ್ಲಿ ಅವನ ತಾಯಿ ಕಂಬಳಿ ಹೊದ್ದು ಕೂತಿದ್ದರು.

"ಏನು ಭಾವ, ದಾರಿ ತಪ್ಪಿ ಬಂದ್ರಾ?"

"ದೀಪ ಬರ್ತಿದೆ ಕಣಮ್ಮ. ಕೆಂಪು ದೀಪ. ಗುಡ್ಡ ಹತ್ತೋವಾಗ ಬರುತ್ತೆ, ಬಂದ ತಕ್ಷಣ ಗಾಡಿಗೆ ಜೀವಾನೇ ಇರಲ್ಲ. ಆಕ್ಸಿಲರೇಟರ್ ಒತ್ತಿದ್ರೂ ಆಮೆ ಥರ ಹೋಗುತ್ತೆ."

ಅವಳು ಅತ್ತೆಯ ಕಡೆ ನೋಡಿದಳು. ಅಕ್ಕನ ಅತ್ತೆಯಾದರೂ ಇವಳೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದಳು. ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ಗುಡ್ಡದ ಆಚೆ. ಹೋದ ಸಲ ಏರಿನ ಮಧ್ಯೆ ಗಾಡಿ ಕುಂಟಿ ನಿಂತು, ಹಿಂದಿನ ಲಾರಿ ಹಾರ್ನ್ ಹೊಡೆದು ಹೊಡೆದು ಪಕ್ಕದ ಗೋಡೆಗೆ ಉಜ್ಜಿಕೊಂಡೇ ಮುಂದೆ ದಾಟಿ, ಹೇಗೋ ತಲುಪುವಷ್ಟರಲ್ಲಿ ಮಿಷನ್ ಬೇರೆಯವರ ಪಾಲಾಗಿತ್ತು. ಕಾದು ಕೂತು ಅರ್ಧ ಹೊತ್ತಿನ ಡಯಾಲಿಸಿಸ್ಸಿಗೆ ತೃಪ್ತಿಪಡಬೇಕಾಯಿತು. ಈಗ ಅವರ ಪಾದಗಳು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ನಾಲ್ಕು ಮಾತಾಡಿದರೆ ಏದುಸಿರು.

"ಇವತ್ತು ತಪ್ಪಿಸೋ ಹಾಗಿಲ್ಲ ಅಂದಿದ್ದಾರೆ ಡಾಕ್ಟರು" ಎಂದ ಭಾವ. "ಮಧ್ಯಾಹ್ನಕ್ಕೆ ಅಲ್ಲಿರಬೇಕು."

"ಇಷ್ಟು ದಿನ ಯಾರಿಗೆ ತೋರಿಸಿದ್ರಿ?"

ಭಾವ ತಲೆ ಕೆರೆದುಕೊಂಡ. "ಇಬ್ಬರಿಗೆ ತೋರಿಸ್ದೆ. ಒಬ್ಬ ಸೆನ್ಸರ್ ಬದಲಾಯಿಸ್ದ. ಇನ್ನೊಬ್ಬ ಆ ಸೆನ್ಸರ್ ಸರಿಯಿಲ್ಲ ಅಂತ ಇನ್ನೊಂದು ಸೆನ್ಸರ್ ಹಾಕ್ದ. ಮತ್ತೇನೇನೋ ಮಾಡ್ದ."

"ಮನೆಯಲ್ಲೇ ನಾವಿರುವಾಗ?"

"ಮನೆಯವರ ಹತ್ರ ರಿಪೇರಿ ಮಾಡಿಸಿದ್ರೆ ಜಗಳ ಆಡೋಕಾಗಲ್ವಲ್ಲಮ್ಮ!"

ಒಳಗಿಂದ ಅತ್ತೆ ಗೊಣಗಿದರು. "ಈಗ ಆಡು. ನಾನು ಸತ್ತ ಮೇಲೆ ಪುರುಸೊತ್ತಾಗಿ ಆಡು."

ಅವರನ್ನು ಮೆಲ್ಲಗೆ ಇಳಿಸಿ ಗೋಡೆ ಬದಿಯ ಬೆಂಚಿನ ಮೇಲೆ ಕೂರಿಸಿದರು. ಮೀಟರಕ್ಕನ ಗಂಡ ಒಂದು ಡಬ್ಬ ಮಗುಚಿ, ಗೋಣಿ ಮಡಚಿ ಹಾಕಿ, ಅವರ ಕಾಲುಗಳನ್ನು ಅದರ ಮೇಲೆ ಎತ್ತಿಟ್ಟ. ಎಂಜಿನ್ ಇನ್ನೂ ಚಾಲೂ ಇತ್ತು. ಅವನು ಒಮ್ಮೆ ಬಾನೆಟ್ಟಿನ ಕಡೆ ನೋಡಿ ಹಿಂದಿನ ಕೋಣೆಗೆ ಹೋದ.

ಮೀಟರಕ್ಕ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದಳು. ಪರದೆ ಹೇಳಿದ್ದು ಇಷ್ಟು: ಕೂಲಂಟ್ ಪ್ರೆಶರ್ ಸೆನ್ಸರಿನ ಸರ್ಕೀಟಿನಲ್ಲಿ ದೋಷ, ಸಿಗ್ನಲ್ ತೀರಾ ಕಡಿಮೆ. ಎಂಜಿನ್ ತಂಪಾಗಿಸುವ ನೀರಿನ ಒತ್ತಡ ಎಷ್ಟಿದೆ ಎಂದು ಗಾಡಿಯ ಕಂಪ್ಯೂಟರಿಗೆ ವರದಿ ಒಪ್ಪಿಸುವುದು ಆ ಸೆನ್ಸರ್. ವರದಿ ನಿಂತರೆ ನೀರೆಲ್ಲ ಸೋರಿಹೋಯಿತೇನೋ ಎಂದು ಕಂಪ್ಯೂಟರ್ ಹೆದರಿ ಎಂಜಿನ್ನಿನ ಕತ್ತು ಹಿಡಿಯುತ್ತದೆ.

"ಆ ವೈರ್ ಒಂದು ಕತ್ತರಿಸಿ ಎಸೆದುಬಿಡಮ್ಮ" ಎಂದ ಭಾವ. "ದೀಪ ಇದ್ರೆ ತಾನೆ ಕಾಟ?"

"ಕತ್ತರಿಸಿದ್ರೆ ಏರಲ್ಲಿ ಬರೋ ದೀಪ ಮನೆ ಬಾಗಿಲಿಂದಾನೇ ಬರುತ್ತೆ. ಸುಮ್ನೆ ಕೂತ್ಕೊಳ್ಳಿ."

ಎಂಜಿನ್ ಆರಿಸಿ, ಕೀಲಿ ಮಾತ್ರ ಆನ್ ಇಟ್ಟು, ಸೆನ್ಸರಿನ ಕನೆಕ್ಟರ್ ಕಳಚಿದಳು. ಮೂರು ವೈರು. ಒಂದರಲ್ಲಿ ಐದು ವೋಲ್ಟ್ ಬರಬೇಕು, ಬರುತ್ತಿತ್ತು. ಇನ್ನೊಂದು ಗ್ರೌಂಡ್, ಅದೂ ಗಟ್ಟಿಯಾಗಿತ್ತು. ಮೂರನೆಯದು ಸಿಗ್ನಲ್. ಕನೆಕ್ಟರ್ ಮತ್ತೆ ಸಿಕ್ಕಿಸಿ, ಸಿಗ್ನಲ್ ವೈರಿಗೆ ಹಿಂದಿನಿಂದ ಮೀಟರಿನ ಕಡ್ಡಿ ತೂರಿಸಿ ನೋಡಿದಳು. ಅಂಕಿ ಇರಬೇಕಾದಲ್ಲೇ ಇತ್ತು. ಎಲ್ಲ ಸರಿ. ಅವಳಿಗೆ ಬೇಡವಾಗಿದ್ದದ್ದೇ ಅದು. ಶೆಡ್ಡಿನಲ್ಲಿ ಸಾಧು ಹಸುವಿನಂತಿದ್ದು ಏರಿನಲ್ಲಿ ಮಾತ್ರ ರಂಪ ಮಾಡುವ ಗಾಡಿಗಿಂತ ಪೂರ್ತಿ ಕೆಟ್ಟ ಗಾಡಿಯೇ ವಾಸಿ.

ವೈರುಗಳ ಕಟ್ಟನ್ನು ಹಿಡಿದು ಉದ್ದಕ್ಕೂ ಜಗ್ಗಿದಳು, ತಿರುವಿದಳು. ಅಂಕಿ ಅಲ್ಲಾಡಲಿಲ್ಲ. ಬೆಂಚಿನ ಮೇಲೆ ಅತ್ತೆಯ ಉಸಿರು ಸೀಟಿ ಹಾಕುತ್ತಿತ್ತು. ಭಾವ ಗಡಿಯಾರ ನೋಡಿದ, ರಸ್ತೆ ನೋಡಿದ, ಮತ್ತೆ ಗಡಿಯಾರ ನೋಡಿದ.

ಏರಿನಲ್ಲಿ ಏನಾಗುತ್ತದೆ? ಎಂಜಿನ್ ಬಿಸಿಯಾಗುತ್ತದೆ. ಅದು ಇಲ್ಲಿಯೂ ಆಗಿದೆ. ಮತ್ತೇನು? ಎಂಜಿನ್ ಜಗ್ಗುತ್ತದೆ. ಭಾರ ಎಳೆಯುವಾಗ ಎತ್ತು ಹೆಗಲು ಒಡ್ಡುವ ಹಾಗೆ ಒಂದು ಬದಿಗೆ ಎದ್ದು ವಾಲುತ್ತದೆ.

"ಭಾವ, ಒಳಗೆ ಕೂತ್ಕೊಳ್ಳಿ. ಹ್ಯಾಂಡ್‌ಬ್ರೇಕ್ ಎಳೀರಿ, ಕಾಲ್ ಬ್ರೇಕೂ ಗಟ್ಟಿಯಾಗಿ ಒತ್ತಿ. ಮೊದಲನೇ ಗೇರ್ ಹಾಕಿ ಕ್ಲಚ್ಚು ಸ್ವಲ್ಪ ಸ್ವಲ್ಪಾನೇ ಬಿಡಿ. ನಾನು ಸಾಕು ಅನ್ನೋವರೆಗೆ ಮಾತು ಬೇಡ."

ಚಕ್ರಗಳಿಗೆ ಕಲ್ಲು ಕೊಟ್ಟು ತಾನು ಪಕ್ಕಕ್ಕೆ ನಿಂತಳು. ಎಂಜಿನ್ ನರಳಿತು. ಮೈಯೆತ್ತಿ ವಾಲಿತು. ಮೀಟರಿನ ಅಂಕಿ ಒಮ್ಮೆಲೇ ಸೊನ್ನೆಗೆ ಬಿತ್ತು.

"ಬಂತು! ದೀಪ ಬಂತು!" ಒಳಗಿನಿಂದ ಭಾವ ಕೂಗಿದ.

"ಕ್ಲಚ್ ಒತ್ತಿ! ಗೇರ್ ತೆಗೀರಿ, ಆರಿಸಿ!"

ಎಂಜಿನ್ನಿನ ಹಿಂಬದಿಯಲ್ಲಿ, ಕೈ ಕಷ್ಟಪಟ್ಟು ಹೋಗುವ ಸಂದಿಯಲ್ಲಿ, ಒಂದು ಕಬ್ಬಿಣದ ಪಟ್ಟಿಯ ಅಂಚಿಗೆ ವೈರಿನ ಕಟ್ಟು ತಾಗಿ ಸವೆದಿತ್ತು. ಮೇಲಿನ ಟೇಪು ನೋಡಲು ಗಟ್ಟಿಮುಟ್ಟು. ಬಿಚ್ಚಿದರೆ ಒಳಗೆ ಸಿಗ್ನಲ್ ವೈರಿನ ತಾಮ್ರ ಹಸಿರುಗಟ್ಟಿ ಹೊರಗೆ ಇಣುಕುತ್ತಿತ್ತು. ಎಂಜಿನ್ ವಾಲಿದಾಗಲೆಲ್ಲ ಆ ತಾಮ್ರ ಕಬ್ಬಿಣಕ್ಕೆ ಮುತ್ತಿಡುತ್ತಿತ್ತು, ಸಿಗ್ನಲ್ ಭೂಮಿಗೆ ಇಳಿದುಹೋಗುತ್ತಿತ್ತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದಾರೆ" ಎಂದಳು. "ಸೆನ್ಸರ್‌ದೇನೂ ತಪ್ಪಿಲ್ಲ ಭಾವ. ನೋಡಿ ಇಲ್ಲಿ."

ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ತುಂಡು ಬೆಸೆದು, ಮೇಲೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ತೋಳು ಏರಿಸಿ ಬಿಸಿ ಮಾಡಿ ಕೂರಿಸಿದಳು. ಕಟ್ಟನ್ನು ಪಟ್ಟಿಯಿಂದ ದೂರ ಎಳೆದು ಕಟ್ಟಿದಳು. ಮತ್ತೆ ಬ್ರೇಕು, ಮತ್ತೆ ಗೇರು. ಎಂಜಿನ್ ವಾಲಿತು, ಅಂಕಿ ಕದಲಲಿಲ್ಲ, ದೀಪ ಬರಲಿಲ್ಲ. ಭಾವನ ಮುಖಕ್ಕೆ ರಕ್ತ ಮರಳಿತು, ಬಾಯಿಗೆ ಮಾತೂ ಮರಳಿತು. ನಾದಿನಿಯನ್ನು ಹೊಗಳುತ್ತಲೇ ತಾಯಿಯನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸಿ, ಬೆಲ್ಟೂ ಬಿಗಿದುಬಿಟ್ಟ.

"ಸ್ವಲ್ಪ ನಿಲ್ಲಿ. ಎಂಜಿನ್ ಪೂರ್ತಿ ಕಾಯಲಿ. ಅಂಕಿ ನೋಡ್ತೀನಿ."

"ಇನ್ನೇನು ನೋಡೋದು? ಹೊತ್ತಾಯ್ತಲ್ಲ!"

"ನಿಲ್ಲಿ ಅಂದೆ."

ಸ್ಕ್ಯಾನರಿನಲ್ಲಿ ಈಗ ನೀರಿನ ಒತ್ತಡ ಕಾಣುತ್ತಿತ್ತು. ಎಷ್ಟೋ ವಾರಗಳಿಂದ ಯಾರ ಕಣ್ಣಿಗೂ ಸರಿಯಾಗಿ ಬೀಳದಿದ್ದ ಅಂಕಿ. ಒಂದು ಬಾರ್ ದಾಟಿತು. ಸರಿ, ಕಾದ ನೀರು ಹಿಗ್ಗುತ್ತದೆ. ಒಂದೂಕಾಲು. ಒಂದೂವರೆ. ಈ ಗಾಡಿಯಲ್ಲಿ ಇಷ್ಟು ಹೊತ್ತಿಗೆ ನೀರಿನ ಟ್ಯಾಂಕಿನ ಮುಚ್ಚಳದ ವಾಲ್ವ್ ತೆರೆದು ಹೆಚ್ಚಿನ ಒತ್ತಡ ಹೊರಹೋಗಬೇಕು. ಹೋಗಲಿಲ್ಲ. ಒಂದೂಮುಕ್ಕಾಲು.

ಅವಳು ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇದೆಯಲ್ಲಮ್ಮ" ಎಂದ ಭಾವ, ಅವಳ ಮುಖ ನೋಡಿ. "ಎಂಜಿನ್ ಕಾದಿಲ್ಲ. ಆ ಸೆನ್ಸರ್ ಇನ್ನೂ ಸುಳ್ಳೇ ಹೇಳ್ತಿದೆ. ದೀಪ ಹೋಯ್ತಲ್ಲ, ನನಗಷ್ಟೇ ಸಾಕು."

ಒಂದು ಗಳಿಗೆ ಅವಳಿಗೂ ಹಾಗೇ ಅನ್ನಿಸಿತು. ತನ್ನ ಬೆಸುಗೆಯೇ ತಪ್ಪಿರಬಹುದು. ಕಟ್ಟಿನೊಳಗೆ ಐದು ವೋಲ್ಟಿನ ವೈರು ಸಿಗ್ನಲ್ಲಿಗೆ ತಾಗಿದ್ದರೆ ಅಂಕಿ ಇಲ್ಲದ್ದನ್ನು ತೋರಿಸುತ್ತದೆ. ಹಾಗಿದ್ದರೆ ಹೋಗಿ ಎನ್ನಬಹುದು, ಅತ್ತೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಾರೆ. ಎಷ್ಟು ಸುಲಭ! ಆದರೆ ವೈರು ತಾಗಿದ್ದರೆ ಅಂಕಿ ಒಂದೇ ನೆಗೆತಕ್ಕೆ ಮೇಲೆ ಹಾರಬೇಕಿತ್ತು. ಇದು ಮೆಟ್ಟಿಲು ಹತ್ತುವವರ ಹಾಗೆ ಒಂದೊಂದೇ ಹತ್ತುತ್ತಿತ್ತು.

ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟಳು.

"ಏನಮ್ಮಾ ಇದು!" ಭಾವ ಕೆರಳಿದ. "ನನ್ನ ತಾಯಿಯ ಪ್ರಾಣದ ಪ್ರಶ್ನೆ ಇದು, ನಿನ್ನ ಮೀಟರಿನ ಆಟ ಅಲ್ಲ!"

"ಅತ್ತೆಯ ಪ್ರಾಣ ಅಂತಲೇ ಆರಿಸಿದ್ದು!" ಅವಳ ದನಿ ತಗಡಿಗೆ ಬಡಿದು ವಾಪಸು ಬಂತು.

ಆ ದನಿಗೇ ಇರಬೇಕು, ಹಿಂದಿನ ಕೋಣೆಯ ಬಾಗಿಲಲ್ಲಿ ಗಂಡ ಕಾಣಿಸಿಕೊಂಡ. ಅವಳು ಕೀಲಿಯನ್ನು ಮತ್ತೆ ಅರ್ಧ ತಿರುಗಿಸಿ ಸ್ಕ್ಯಾನರಿನ ಪರದೆಯನ್ನು ಅವನತ್ತ ಹಿಡಿದಳು. ಎಂಜಿನ್ ಆರಿದ್ದರೂ ಅಂಕಿ ಹತ್ತುತ್ತಲೇ ಇತ್ತು. ಕಾದ ಕಬ್ಬಿಣದ ಬಿಸಿ, ಹರಿಯದೆ ನಿಂತ ನೀರಿಗೆ ಇಳಿಯುತ್ತಿತ್ತು.

ಅವನು ನಡೆದು ಬಂದ. ಬಾನೆಟ್ ತೆರೆದೇ ಇತ್ತು. ಕಂಬಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು, ಆ ಸುಕ್ಕುಗಟ್ಟಿದ ಬಲಗೈ ಚಾಚಿ, ರೇಡಿಯೇಟರಿನ ಮೇಲಿನ ಕೊಳವೆಯನ್ನು ಒತ್ತಿದ.

"ಕಲ್ಲಾಗಿದೆ" ಎಂದ. "ನಿನ್ನ ಅಂಕಿ ಸುಳ್ಳಲ್ಲ. ಮೊದಲು ಅವರನ್ನ ಇಳಿಸು."

ಅವಳು ಹಿಂದಿನ ಬಾಗಿಲಿಗೆ ಓಡಿದಳು. ಬೆಲ್ಟು ಕಂಬಳಿಯೊಳಗೆ ಸಿಕ್ಕಿಕೊಂಡಿತ್ತು. ಅದನ್ನು ತಡಕಾಡುತ್ತಿರುವಾಗಲೇ ಇಳಿದು ಮುಂದುಗಡೆ ಹೋಗಿದ್ದ ಭಾವನ ಮಾತು ಕಿವಿಗೆ ಬಿತ್ತು.

"ಅಷ್ಟೇ ತಾನೆ ತಮ್ಮಾ? ಮುಚ್ಚಳ ಒಂಚೂರು ಸಡಿಲ ಮಾಡಿದ್ರೆ ಉಸ್ ಅಂತ ಹೋಗುತ್ತೆ. ತಾ ಇಲ್ಲಿ ಆ ಬಟ್ಟೆ."

ಅವಳು ಬೆಲ್ಟನ್ನು ಇನ್ನೂ ಬಲವಾಗಿ ಜಗ್ಗಿದಳು. ತಲೆ ಎತ್ತಿದರೆ ಗಾಜಿನಾಚೆ ಬಾನೆಟ್ಟಿನ ಅಡ್ಡ, ಏನೂ ಕಾಣದು. ಆಮೇಲೆ ಒಂದು ಕೂಗು. ಗಂಡ ಅಷ್ಟು ಜೋರಾಗಿ ಕೂಗಿದ್ದನ್ನು ಅವಳು ಕೇಳಿದ್ದು ಹಿಂದೆ ಒಮ್ಮೆ ಮಾತ್ರ, ಆಸ್ಪತ್ರೆಯಲ್ಲಿ.

"ಮುಟ್ಟಬೇಡ!"

ಅವನು ಷಡ್ಡಕನ ಮಣಿಕಟ್ಟು ಹಿಡಿದಿದ್ದ. ಭಾವ ಆಳು ದಪ್ಪ, ಅವನಿಗಿಂತ ಒಂದು ಗೇಣು ಎತ್ತರ. ಆದರೂ ಆ ಹಿಡಿತದಿಂದ ಬಿಡಿಸಿಕೊಳ್ಳಲಾಗಲಿಲ್ಲ. "ನನ್ನ ಕೈ ನೋಡು ಅಣ್ಣಾ" ಎಂದ ಗಂಡ, ಹಲ್ಲು ಕಚ್ಚಿಕೊಂಡು. "ನೋಡು ಇದನ್ನ. ನಾನೂ ಒಂಚೂರೇ ಸಡಿಲ ಮಾಡಿದ್ದು." ಹಾಗೆಯೇ ಅವನನ್ನು ಹಿಂದಕ್ಕೆ ಎಳೆದು, ಇನ್ನೊಂದು ಕೈಯಿಂದ ಬಾನೆಟ್ಟನ್ನು ದಡಾರನೆ ಕೆಳಗೆ ಬೀಳಿಸಿದ.

ಬೆಲ್ಟು ಬಿಚ್ಚಿತು. ಮೀಟರಕ್ಕ ಅತ್ತೆಯನ್ನು ಕಂಬಳಿ ಸಮೇತ ಎದೆಗೆ ಒತ್ತಿಕೊಂಡು, ಅರ್ಧ ಎತ್ತಿ ಅರ್ಧ ಎಳೆದು, ಬಾಗಿಲಿನತ್ತ ನಡೆಸಿದಳು. "ನಿಧಾನ ಮಗಳೇ, ನನ್ನ ಚಪ್ಪಲಿ" ಎಂದು ಅವರು ಹೇಳುತ್ತಿದ್ದರು. ಅವರಿಬ್ಬರೂ ರಸ್ತೆಗೆ ಕಾಲಿಟ್ಟಿದ್ದರೋ ಇಲ್ಲವೋ, ಶೆಡ್ಡಿನೊಳಗೆ ಫಟ್ ಎಂದು ಸದ್ದಾಯಿತು. ಬಾನೆಟ್ಟಿನ ಸುತ್ತಲಿನ ಸಂದಿಗಳಿಂದೆಲ್ಲ ಬಿಳಿ ಹಬೆ ಬುಸುಗುಟ್ಟಿ ಎದ್ದು ತಗಡಿನ ಮಾಡಿಗೆ ಬಡಿಯಿತು. ಹಸಿರು ನೀರು ನೆಲದ ಮೇಲೆ ಹೊಗೆಯಾಡುತ್ತಾ ಹರಿಯಿತು. ಭಾವ ಒಂದು ನಿಮಿಷದ ಹಿಂದೆ ನಿಂತಿದ್ದ ಜಾಗ ಕಾಣಿಸುತ್ತಲೇ ಇರಲಿಲ್ಲ.

ಎದುರಿನಿಂದ ಬೇಕರಿಯವನು ಕೈಗೆ ಹತ್ತಿದ ಹಿಟ್ಟಿನ ಸಮೇತ ಓಡಿಬಂದ.

"ಯಾರಿಗೂ ಏನೂ ಆಗಿಲ್ಲ ತಾನೆ?"

"ನಿನ್ನ ವ್ಯಾನ್ ಎಲ್ಲಿ?" ಎಂದಳು ಮೀಟರಕ್ಕ.

"ಹಿಂದುಗಡೆ ಇದೆ. ಬ್ರೆಡ್ ತುಂಬ್ತಾ..."

"ಬ್ರೆಡ್ ಇಳಿಸು. ಅತ್ತೆಯನ್ನ ಗುಡ್ಡದಾಚೆಗೆ ಮುಟ್ಟಿಸ್ಬೇಕು. ಈಗಲೇ."

ಅವನು ತಟ್ಟೆಗಳನ್ನು ಇಳಿಸುವಷ್ಟೂ ತಾಳ್ಮೆಯಿಲ್ಲದೆ ಹಾಗೆಯೇ ವ್ಯಾನು ತಂದ. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಭಾವ ಹಿಂದೆ ಬ್ರೆಡ್ಡಿನ ತಟ್ಟೆಗಳ ನಡುವೆ ಮಂಡಿ ಮಡಚಿ ತೂರಿಕೊಂಡ. ಅವನ ತುಟಿ ಬಿಳಚಿಕೊಂಡಿತ್ತು. ಏನೋ ಹೇಳಲು ಬಾಯಿ ತೆರೆದ, ಆಗಲಿಲ್ಲ. ವ್ಯಾನು ಹೊರಡುವಾಗ ಅತ್ತೆ ಕಿಟಕಿಯಿಂದ ಕೈ ಚಾಚಿ, "ನನ್ನ ಮಗನ ಬಾಯಿ ಮುಚ್ಚಿಸೋಕೆ ಒಂದು ಗಾಡಿ ಸಿಡೀಬೇಕಾಯ್ತು ನೋಡು" ಎಂದರು, ಏದುಸಿರಿನ ನಡುವೆ.

ಅವರೆಲ್ಲ ಹೋದ ಮೇಲೆ ಗಂಡ ಬೆಂಚಿನ ಮೇಲೆ ಕುಸಿದ. ಅವಳು ನೀರು ತಂದು ಕೊಟ್ಟಳು. ಲೋಟ ಅವನ ಹಲ್ಲಿಗೆ ಕಟಕಟ ತಾಗಿತು. ಪಕ್ಕದಲ್ಲಿ ಕೂತು ಅವನ ಬೆನ್ನಿನ ಮೇಲೆ ಕೈಯಿಟ್ಟಳು.

"ರೀ, ಬಿಸಿ ಎಂಜಿನ್ ಅಂತ ಗೊತ್ತಿದ್ದೂ ಬಂದ್ರಲ್ಲ."

"ನೀನು ಕೂಗಿದೆಯಲ್ಲೇ" ಎಂದ. ಲೋಟ ಕೆಳಗಿಟ್ಟು, "ಕಾಲು ಬರಲಿಲ್ಲ. ಎಳೆದು ತಂದೆ" ಎಂದ.

ಮಧ್ಯಾಹ್ನ ಕಳೆದು ಫೋನ್ ಬಂತು. ಹೊತ್ತಿಗೆ ಮುಟ್ಟಿದ್ದರು, ಮಿಷನ್ ಸಿಕ್ಕಿತ್ತು, ರಕ್ತ ಓಡುತ್ತಿತ್ತು. ಅಲ್ಲಿಯವರೆಗೆ ಅವಳು ಎರಡು ಸಲ ಗುಡ್ಡದ ಕಡೆಯ ರಸ್ತೆಗೆ ಹೋಗಿ ನಿಂತು ಬಂದಿದ್ದಳು, ಅಲ್ಲಿ ನಿಂತರೆ ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದೂ.

ತಣ್ಣಗಾದ ಎಂಜಿನ್ನನ್ನು ಗಂಡ ಹೆಂಡತಿ ಇಬ್ಬರೂ ಸೇರಿ ನೋಡಿದರು. ನೀರಿನ ಪ್ಲಾಸ್ಟಿಕ್ ಟ್ಯಾಂಕು ಜೋಡಣೆಯ ಗೆರೆಯುದ್ದಕ್ಕೂ ಸೀಳಿತ್ತು. ಮುಚ್ಚಳ ಈ ಗಾಡಿಯದೇ ಅಲ್ಲ. ಯಾವುದೋ ದೊಡ್ಡ ಗಾಡಿಯದು, ಬಲವಾದ ಸ್ಪ್ರಿಂಗು, ಅದೂ ಓರೆಯಾಗಿ ಕಚ್ಚಿಕೊಂಡಿತ್ತು. ಒತ್ತಡ ಕಡಿಮೆ ಎಂದು ದೀಪ ಹೇಳಿತಲ್ಲ, ಮುಚ್ಚಳ ಸೋರುತ್ತಿರಬೇಕೆಂದು ಎರಡನೆಯ ಗ್ಯಾರೇಜಿನವನು ಅದನ್ನು ಬಿಗಿದಿದ್ದ. ಸಂಜೆ ತಾಯಿಯೊಂದಿಗೆ ಮರಳಿದ ಭಾವ ಇನ್ನೊಂದು ಮಾತು ಹೇಳಿದ. ದೀಪ ಬಂದಾಗಲೆಲ್ಲ ಮರುದಿನ ಬೆಳಿಗ್ಗೆ ಅವನು ಟ್ಯಾಂಕಿಗೆ ನೀರು ಸುರಿಯುತ್ತಿದ್ದ. ಗೆರೆ ದಾಟಿ, ಕುತ್ತಿಗೆಯವರೆಗೆ. ಕಾದ ನೀರಿಗೆ ಹಿಗ್ಗಲು ಒಂದು ಬೆರಳಿನಷ್ಟೂ ಜಾಗ ಬಿಟ್ಟಿರಲಿಲ್ಲ.

"ನೀರು ಜಾಸ್ತಿ ಇದ್ರೆ ಒಳ್ಳೇದೇ ಅಂದ್ಕೊಂಡೆ ಕಣಮ್ಮ" ಎಂದ. "ಗಿಡಕ್ಕೆ ಹಾಕಿದ ಹಾಗೆ."

"ಗಿಡವೂ ಕೊಳೆಯುತ್ತೆ ಭಾವ."

ಬೈಯಬೇಕೆಂದುಕೊಂಡಿದ್ದಳು. ಬೆಂಚಿನ ಮೇಲೆ ಕಾಲು ಚಾಚಿ, ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಸಲೀಸಾಗಿ ಉಸಿರಾಡುತ್ತಿದ್ದ ಅತ್ತೆಯನ್ನು ನೋಡಿ ಬೈಗುಳ ಮರೆತುಹೋಯಿತು. ಭಾವ ಷಡ್ಡಕನ ಹತ್ತಿರ ಹೋಗಿ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಇವನಿಗೆ ಮುಜುಗರವಾಗಿ, "ಬಿಡು ಅಣ್ಣಾ, ಗ್ರೀಸ್ ಆಗುತ್ತೆ" ಎಂದ.

ಹೊಸ ಟ್ಯಾಂಕು, ಗಾಡಿಯದೇ ಅಳತೆಯ ಮುಚ್ಚಳ, ಗೆರೆಯವರೆಗೆ ಮಾತ್ರ ನೀರು. ಮುಂದಿನ ಡಯಾಲಿಸಿಸ್ಸಿಗೆ ಮೀಟರಕ್ಕನೂ ಜೊತೆಗೆ ಹೊರಟಳು, ತೊಡೆಯ ಮೇಲೆ ಸ್ಕ್ಯಾನರ್ ಇಟ್ಟುಕೊಂಡು. ಊರು ದಾಟಿ ಏರು ಶುರುವಾಯಿತು. ಮೊದಲ ತಿರುವು. ಎರಡನೆಯದು. ಎಂಜಿನ್ ಹೆಗಲು ಕೊಟ್ಟು ಎಳೆಯತೊಡಗಿತು. ಅಂಕಿ ಒಂದಕ್ಕೆ ಏರಿತು, ಸ್ವಲ್ಪ ದಾಟಿತು. ಅವಳ ಬೆರಳುಗಳು ಸೀಟಿನ ಅಂಚನ್ನು ಹಿಡಿದಿದ್ದವು. ಆವತ್ತು ಗಾಡಿ ಕುಂಟಿ ನಿಂತಿದ್ದ ಜಾಗ ಬಂತು. ಪಕ್ಕದ ಕಲ್ಲುಗೋಡೆಗೆ ಲಾರಿ ಉಜ್ಜಿದ ಗುರುತು ಇನ್ನೂ ಇತ್ತು. ಭಾವ ಅರ್ಧ ಕಣ್ಣು ರಸ್ತೆಯಲ್ಲಿ, ಅರ್ಧ ಕಣ್ಣು ಮುಂದಿನ ಫಲಕದಲ್ಲಿ ಇಟ್ಟು ಓಡಿಸುತ್ತಿದ್ದ.

"ರಸ್ತೆ ನೋಡಿ ಭಾವ. ಅದನ್ನ ನೋಡೋಕೆ ನಾನಿದ್ದೀನಿ."

ಅಂಕಿ ಅಲ್ಲೇ ನಿಂತಿತು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬೀಳಲಿಲ್ಲ. ನೆತ್ತಿ ತಲುಪಿ ಇಳಿಜಾರು ಹಿಡಿದಾಗ ಭಾವ ಉದ್ದಕ್ಕೆ ಉಸಿರುಬಿಟ್ಟು ಮಾತು ಶುರುಮಾಡಿದ. ಹಿಂದೆ ತಿರುಗಿ ನೋಡಿದರೆ ಅತ್ತೆ ಗಾಜಿಗೆ ತಲೆ ಆನಿಸಿ ನಿದ್ದೆಹೋಗಿದ್ದರು. ಮೀಟರಕ್ಕ ಅವರ ಜಾರಿದ ಕಂಬಳಿಯನ್ನು ಕೈ ಚಾಚಿ ಮೇಲೆಳೆದಳು.